ನಷ್ಟ ಯಾರದು?

ಡಿಸ್ಕ್ ಗಾಲ್ಫ್‌ನಲ್ಲಿ ಚೆಂಡೂ ಇಲ್ಲ, ಕೋಲೂ ಇಲ್ಲ. ಪ್ಲಾಸ್ಟಿಕ್ ಡಿಸ್ಕನ್ನು ಕೈಯಿಂದ ಎಸೆದು, ಸರಪಳಿ ಇಳಿಬಿಟ್ಟ ಬುಟ್ಟಿಗೆ ಆದಷ್ಟು ಕಡಿಮೆ ಎಸೆತಗಳಲ್ಲಿ ಬೀಳಿಸಬೇಕು. ಈ ಆಟದ ಮೊದಲ ಕಾಯಂ ಅಂಗಳವನ್ನು ಎಡ್ ಹೆಡ್ರಿಕ್ 1975ರಲ್ಲಿ ಕ್ಯಾಲಿಫೋರ್ನಿಯಾದ ಓಕ್ ಗ್ರೋವ್ ಉದ್ಯಾನದಲ್ಲಿ ರೂಪಿಸಿದರು. ಇಂದು ಆಟಗಾರರ ಚೀಲದಲ್ಲಿ ಹತ್ತಾರು ಬಗೆಯ ಡಿಸ್ಕುಗಳಿರುತ್ತವೆ. ಹಾಗಾಗಿ ಎಸೆಯುವ ಮೊದಲು ಆರಿಸಬೇಕು. ಈ ಆಯ್ಕೆಯಲ್ಲಿ ನನಗೆ ಆಟಕ್ಕಿಂತ ದೊಡ್ಡ ಪ್ರಶ್ನೆಯೊಂದು ಕಾಣುತ್ತದೆ.

ಅನೇಕ ಡಿಸ್ಕುಗಳ ಮೇಲೆ ಅವುಗಳ ಹಾರಾಟದ ಗುಣವನ್ನು ಹೇಳುವ ನಾಲ್ಕು ಅಂಕಿಗಳಿರುತ್ತವೆ. ಮೊದಲನೆಯದು ವೇಗ. ಹತ್ತಿರದಿಂದ ಬುಟ್ಟಿಗೆ ಹಾಕುವ ಪಟರ್‌ಗೆ ಅದು 2 ಅಥವಾ 3. ಚೂಪು ಅಂಚಿನ ಡ್ರೈವರ್‌ಗೆ 12, 13. ದೊಡ್ಡ ಅಂಕಿಯ ಡಿಸ್ಕು ಹೆಚ್ಚು ದೂರ ಹೋಗುತ್ತದೆ ಎಂದುಕೊಳ್ಳುವುದು ಸಹಜ. ಆದರೆ ಆ ಅಂಕಿ ಹೇಳುವುದು ಡಿಸ್ಕು ನಮ್ಮ ತೋಳಿನಿಂದ ಕೇಳುವ ಬೆಲೆಯನ್ನು. ಅಷ್ಟು ವೇಗ ಕೊಡಲಾಗದವರು ಬಲಗೈಯಿಂದ ಬ್ಯಾಕ್‌ಹ್ಯಾಂಡ್ ಎಸೆದರೆ ಅದು ಬೇಗನೆ ಎಡಕ್ಕೆ ಬಾಗಿ ಮರಗಳ ನಡುವೆ ಬೀಳುತ್ತದೆ. ಗಡಿ ದಾಟಿದರೆ ಒಂದು ಎಸೆತದ ದಂಡ.

ಹಾಗಾದರೆ ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂದು ಮಾತು ಮುಗಿಸಬಹುದೇ? ಗಾದೆ ಅರ್ಧ ಮಾತ್ರ ನಿಜ. 2021ರ ವಿಶ್ವ ಚಾಂಪಿಯನ್‌ಷಿಪ್ ನಡೆದದ್ದು ಅಮೆರಿಕದ ಯೂಟಾದಲ್ಲಿ. ಕೊನೆಯ ಬುಟ್ಟಿಯ ಹೊತ್ತಿಗೆ ಜೇಮ್ಸ್ ಕಾನ್ರಾಡ್, ಪಾಲ್ ಮೆಕ್‌ಬೆತ್‌ಗಿಂತ ಒಂದು ಎಸೆತ ಹಿಂದಿದ್ದರು. ಅವರು 247 ಅಡಿ ದೂರದಿಂದ ನೇರವಾಗಿ ಬುಟ್ಟಿಗೇ ಎಸೆದು ಸಮ ಮಾಡಿಕೊಂಡರು. ಆಮೇಲಿನ ಹೆಚ್ಚುವರಿ ಆಟದಲ್ಲಿ ಗೆದ್ದರು. ಬುಟ್ಟಿಯ ಹತ್ತಿರ ಮೆಲ್ಲಗೆ ಇಳಿಸುವ ಜಾಣತನದಿಂದ ಅವರಿಗೆ ಸಿಗುತ್ತಿದ್ದುದು ಸೋಲು ಮಾತ್ರ. ಎರಡು ಎಸೆತ ಮುಂದಿದ್ದವರು ಅದೇ ಹಟ ಹಿಡಿದಿದ್ದರೆ ಅವಿವೇಕವಾಗುತ್ತಿತ್ತು. ಎಚ್ಚರಿಕೆಯೇ ಯಾವಾಗಲೂ ವಿವೇಕವಲ್ಲ.

ಇಲ್ಲಿಯವರೆಗಿನ ಲೆಕ್ಕದಲ್ಲಿ ಲಾಭವೂ ನಷ್ಟವೂ ಎಸೆಯುವವರದೇ. ಆದರೆ ಈ ಆಟದ ಅಂಗಳಗಳು ಬಹುಮಟ್ಟಿಗೆ ಸಾರ್ವಜನಿಕ ಉದ್ಯಾನಗಳಲ್ಲಿವೆ. ತಿರುವಿನಾಚೆ ನಾಯಿ ಹಿಡಿದುಕೊಂಡು ಹೊರಟವರೋ ಆಡುತ್ತಿರುವ ಮಗುವೋ ಇರಬಹುದು. ಡಿಸ್ಕು ಅವರ ಹಣೆಗೆ ಬಡಿದರೆ ಆ ನಷ್ಟವನ್ನು ಬರೆಯಲು ಅಂಕಪಟ್ಟಿಯಲ್ಲಿ ಜಾಗವಿಲ್ಲ. ಯಾರಿಗೂ ಗಾಯವಾಗುವುದಿಲ್ಲ ಎಂದು ಖಚಿತವಾಗುವವರೆಗೆ ಎಸೆಯಕೂಡದು ಎಂದು ಸ್ಪರ್ಧೆಯ ನಿಯಮವೇ ಹೇಳುತ್ತದೆ.

ಅಪಾಯವೇ ಇಲ್ಲದ ಎಸೆತ ಎಲ್ಲಿದೆ, ಹೀಗೆ ಹೆದರಿದರೆ ಆಡುವುದು ಹೇಗೆ ಎಂದು ಕೇಳಬಹುದು. ಜೊತೆ ಆಟಗಾರರು ಸ್ವಲ್ಪ ಅಪಾಯವನ್ನು ಒಪ್ಪಿಕೊಂಡೇ ಅಂಗಳಕ್ಕಿಳಿದಿರುತ್ತಾರೆ. ದಾರಿಹೋಕರನ್ನು ಯಾರೂ ಕೇಳಿಲ್ಲ. ತೋಳಿಗೆ ಒಗ್ಗದ ಡ್ರೈವರ್ ಎಲ್ಲಿ ಬೀಳುತ್ತದೆಂದು ಎಸೆದವರಿಗೇ ತಿಳಿಯದು; ಆ ತಿಳಿಯದಿರುವಿಕೆಯ ಬೆಲೆ ತೆರುವವರು ಇವರು. ಅಪ್ಪನ ಜಮೀನು ಅಡವಿಟ್ಟು ವ್ಯಾಪಾರಕ್ಕಿಳಿಯುವ ಮಗನ ಸಾಹಸವನ್ನು ಹೊಗಳುವಾಗಲೂ ನಾವು ಇದನ್ನೇ ಮರೆಯುತ್ತೇವೆ.

ನನ್ನ ಎಸೆತವನ್ನು ಪಣಕ್ಕಿಡುವುದು ಧೈರ್ಯವೋ ಮೂರ್ಖತನವೋ, ಅದನ್ನು ಆಟದ ಸ್ಥಿತಿ ಹೇಳಲಿ. ಇನ್ನೊಬ್ಬರ ಹಣೆಯನ್ನು ಪಣಕ್ಕಿಡುವುದು ಮಾತ್ರ ಯಾವ ಸ್ಥಿತಿಯಲ್ಲೂ ಧೈರ್ಯವಲ್ಲ. ತಿರುವಿನಾಚೆ ಕಾಣದಿದ್ದಾಗ, ಎಲ್ಲಿ ಬೀಳುತ್ತದೆಂದು ಗೊತ್ತಿರುವ ನಿಧಾನದ ಡಿಸ್ಕನ್ನು ತೆರವಾಗಿ ಕಾಣುವಷ್ಟು ದೂರಕ್ಕೆ ಎಸೆಯಬೇಕು, ಇಲ್ಲವೇ ಕಾಯಬೇಕು.