ಸವರಿದ ಕೊಂಬೆಯ ಋಣ

ಶ್ರವಣಬೆಳಗೊಳದ ಜೈನಮಠದ ಗೋಡೆಗಳ ಮೇಲೆ ತೀರ್ಥಂಕರರ ಜೀವನಪ್ರಸಂಗಗಳನ್ನು ಬಿಡಿಸಿರುವ ಹಳೆಯ ವರ್ಣಚಿತ್ರಗಳ ನಡುವೆ, ಒಂದು ಮರವೂ ಅದರ ಬಳಿಯಲ್ಲಿ ಆರು ಮಂದಿಯೂ ಇರುವ ಚಿತ್ರವೊಂದುಂಟು. ಷಡ್ಲೇಶ್ಯೆಗಳ ತತ್ತ್ವವನ್ನು ಅಕ್ಷರವರಿಯದವರಿಗೂ ಮನಗಾಣಿಸುವ ದೃಷ್ಟಾಂತ ಅದು. ಹಸಿದು ಬಂದ ಆರು ಮಂದಿ ದಾರಿಹೋಕರು ಹಣ್ಣಿನಿಂದ ಬಾಗಿದ ನೇರಳೆಯ ಮರವೊಂದನ್ನು ಕಾಣುತ್ತಾರೆ. ಮೊದಲನೆಯವನು ಮರವನ್ನು ಬುಡದಿಂದಲೇ ಉರುಳಿಸೋಣವೆನ್ನುತ್ತಾನೆ, ಎರಡನೆಯವನು ದೊಡ್ಡ ಕೊಂಬೆಗಳನ್ನು ಕಡಿದರೆ ಸಾಕೆನ್ನುತ್ತಾನೆ, ಮೂರನೆಯವನಿಗೆ ಸಣ್ಣ ರೆಂಬೆಗಳು ಸಾಕು, ನಾಲ್ಕನೆಯವನಿಗೆ ಗೊಂಚಲುಗಳು, ಐದನೆಯವನಿಗೆ ಮಾಗಿದ ಹಣ್ಣುಗಳು ಮಾತ್ರ. ಆರನೆಯವನು, ನೆಲಕ್ಕೆ ಬಿದ್ದಿರುವುದನ್ನು ಆಯ್ದು ತಿನ್ನೋಣವೆನ್ನುತ್ತಾನೆ. ಕೃಷ್ಣ, ನೀಲ, ಕಾಪೋತ, ಪೀತ, ಪದ್ಮ, ಶುಕ್ಲ ಎಂದು ಅವರವರ ಅಂತರಂಗದ ಬಣ್ಣಗಳು. ಮೊದಲ ಮೂರು ಅಶುಭ, ಉಳಿದ ಮೂರು ಶುಭ.

ಈ ಲೆಕ್ಕದಲ್ಲಿ ರೆಂಬೆ ಸವರುವವನು ಅಶುಭರ ಸಾಲಿನ ಕೊನೆಯವನಾದನು. ಹಾಗಿದ್ದರೆ ತನ್ನ ತೋಟದ ಗಿಡಮರಗಳನ್ನು ಕಾಲಕಾಲಕ್ಕೆ ಸವರಿ, ಸವರಿದ ಹಸುರನ್ನು ಮಾರದೆ, ಸುಡದೆ, ಹೊರಕ್ಕೆ ಎಸೆಯದೆ, ಅವುಗಳ ಬುಡಕ್ಕೇ ಹೊದಿಕೆಯಾಗಿ ಹಾಸುವ ತೋಟಿಗನನ್ನು ನಾವು ಯಾವ ಬಣ್ಣದಲ್ಲಿ ಬರೆಯತಕ್ಕದ್ದು?

ನಮ್ಮ ಪ್ರಾಚೀನರು ಈ ಪ್ರಶ್ನೆಯನ್ನು ಹಗುರವಾಗಿ ಕಂಡವರಲ್ಲ. ಸ್ಥಾವರಗಳಿಗೂ ಒಳಗಿನ ಅರಿವುಂಟು, ಸುಖದುಃಖಗಳುಂಟು ಎಂದು ಮೊದಲ ಅಧ್ಯಾಯದಲ್ಲಿಯೇ ಒಪ್ಪುವ ಮನುಸ್ಮೃತಿಯು, ಫಲವೃಕ್ಷಗಳನ್ನೂ ಪೊದೆಬಳ್ಳಿಗಳನ್ನೂ ಕಡಿದವನಿಗೆ ನೂರು ಋಕ್ಕುಗಳ ಜಪವನ್ನು ಪ್ರಾಯಶ್ಚಿತ್ತವಾಗಿ ವಿಧಿಸುತ್ತದೆ. ಬೌದ್ಧರ ವಿನಯವು ಹಸುರು ಸಸ್ಯವನ್ನು ನಾಶಮಾಡುವುದು ಭಿಕ್ಷುವಿಗೆ ಅಪರಾಧವೆನ್ನುತ್ತದೆ. ಲೌಕಿಕನಾದ ಕೌಟಿಲ್ಯನೋ, ನಗರೋದ್ಯಾನದ ಹೂಹಣ್ಣು ನೆರಳುಗಳ ಮರದ ಚಿಗುರನ್ನು ಮುರಿದರೆ 6 ಪಣ, ಸಣ್ಣ ರೆಂಬೆಗೆ 12, ದೊಡ್ಡ ಕೊಂಬೆಗೆ 24 ಎಂದು ದಂಡವನ್ನೇ ಗೊತ್ತುಮಾಡಿರುವನು. ಆದರೆ ಇವೆಲ್ಲಕ್ಕಿಂತ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸುವುದು ಯೂಪಸ್ತಂಭಕ್ಕಾಗಿ ಮರ ಕಡಿಯುವ ಯಜುರ್ವೇದದ ವಿಧಿ: ಏಟು ಬೀಳುವ ಕಡೆ ದರ್ಭೆಯನ್ನಿರಿಸಿ, ಈ ಮರವನ್ನು ಹಿಂಸಿಸಬೇಡವೆಂದು ಕೊಡಲಿಯನ್ನೇ ಪ್ರಾರ್ಥಿಸಿ, ಮರ ಉರುಳಿದ ಬಳಿಕ ಉಳಿದ ಬೊಡ್ಡೆಯ ಮೇಲೆ ತುಪ್ಪದ ಆಹುತಿಯನ್ನೆರೆದು, ಅದು ನೂರಾರು ಕವಲಾಗಿ ಚಿಗುರಲಿ, ನಾವೂ ಹಾಗೆಯೇ ಬೆಳೆಯುವಂತಾಗಲಿ ಎಂದು ಹಾರೈಸುವುದು. ಕಡಿಯುತ್ತಲೇ ಹಿಂಸಿಸಬೇಡವೆನ್ನುವುದು ಆತ್ಮವಂಚನೆಯೆಂದು ನಗುವವರುಂಟು. ನನಗೆ ಹಾಗೆ ತೋರದು. ಮಾಡುತ್ತಿರುವುದು ಹಿಂಸೆಯೆಂದು ಬಲ್ಲವನ ಬಾಯಲ್ಲಲ್ಲದೆ ಅಂಥ ಪ್ರಾರ್ಥನೆ ಹುಟ್ಟಲಾರದು. ಮೇಲಾಗಿ, ಅವನ ದೃಷ್ಟಿ ಬಿದ್ದ ಮರದ ಮೇಲೆ ಮಾತ್ರವಿರದೆ ಉಳಿದ ಬೊಡ್ಡೆಯ ಮೇಲೂ ಇರುವುದು.

ಬೊಡ್ಡೆ ಚಿಗುರುವುದೆಂಬ ಈ ಅನುಭವವೇ ತೋಟಿಗನ ಕಸಬಿಗೆ ಆಧಾರ. 1978ರಲ್ಲಿ ಆಸ್ಟ್ರೇಲಿಯಾದ ಬಿಲ್ ಮಾಲಿಸನ್ ಮತ್ತು ಡೇವಿಡ್ ಹೋಮ್‌ಗ್ರೆನ್ ಎಂಬಿಬ್ಬರು ಪರ್ಮಾಕಲ್ಚರ್ ಎಂಬ ಹೆಸರಿನಲ್ಲಿ ಗ್ರಂಥರೂಪಕ್ಕೆ ತಂದ ಕೃಷಿಚಿಂತನೆಯಲ್ಲಿ, ಬೇಗ ಬೆಳೆಯುವ ಗಿಡಗಳನ್ನು ಹಣ್ಣಿನ ಮರಗಳ ನಡುವೆ ನೆಟ್ಟು, ಸವರಿ, ಸವರಿದ್ದನ್ನು ಅಲ್ಲಿಯೇ ಕೆಡಹುವ ಕ್ರಮಕ್ಕೆ ದೊಡ್ಡ ಸ್ಥಾನವುಂಟು. ನಮ್ಮ ಮಲೆನಾಡಿನ ಕಾಫಿಯ ತೋಟದವರಿಗೆ ಇದು ಹೊಸದಾಗಿ ಕಾಣಲಿಕ್ಕಿಲ್ಲ. ಮಳೆಗಾಲಕ್ಕೆ ಮುನ್ನ ಮರಗಸಿಯವರು ಹಾಲವಾಣದ ಕೊಂಬೆಗಳನ್ನು ಇಳಿಸಿ, ಕಾಫಿಗೆ ಬೆಳಕು ಬಿಟ್ಟು, ಸೊಪ್ಪನ್ನು ಗಿಡದ ಸಾಲಿಗೆ ಬಿಟ್ಟುಹೋಗುವುದು ಅಲ್ಲಿನ ಹಳೆಯ ರೂಢಿ. ಬೆಳೆಯುವ ಕೊಂಬೆಯ ತುದಿಯ ಮೊಗ್ಗು ತನ್ನ ಕೆಳಗಿನ ಮೊಗ್ಗುಗಳನ್ನು ಒಂದು ರಸದ ಮೂಲಕ ತಡೆದಿಟ್ಟಿರುತ್ತದೆ. ತುದಿ ಹೋದೊಡನೆ ಆ ತಡೆ ತೊಲಗಿ, ಅದುವರೆಗೆ ನಿದ್ರಿಸುತ್ತಿದ್ದವು ಮೇಲೇಳುತ್ತವೆ. ನೆಲದ ಮೇಲೆ ಕೊಂಬೆ ಕಳೆದುಕೊಂಡ ಗಿಡವು ನೆಲದೊಳಗೂ ತನ್ನ ಸಣ್ಣ ಬೇರುಗಳಲ್ಲಿ ಕೆಲವನ್ನು ಬಿಟ್ಟುಕೊಡುವುದು. ದ್ವಿದಳ ಜಾತಿಯದಾದರೆ ಬೇರಿನ ಗಂಟುಗಳಲ್ಲಿದ್ದ ಸಾರಜನಕವು ಹಾಗೆ ಮಣ್ಣಿಗೆ ಸೇರುವುದು. ಮೇಲೆ ಹಾಸಿದ ಸೊಪ್ಪು ಮಳೆಹನಿಯ ಪೆಟ್ಟನ್ನು ತಾನು ತಿಂದು, ಬಿಸಿಲನ್ನು ತಡೆದು, ತೇವವನ್ನು ಕಾಪಾಡಿ, ಕೊನೆಗೆ ತಾನೇ ಮಣ್ಣಾಗುವುದು. ಎಳೆಯ ಎಲೆ ಬೇಗನೆ ಕರಗಿದರೆ, ಬಲಿತ ಕಡ್ಡಿಯನ್ನು ಬೂಷ್ಟುಗಳು ನಿಧಾನವಾಗಿ ಉಣ್ಣುತ್ತವೆ. ಕಾಂಡಕ್ಕೆ ತಾಗುವಂತೆ ರಾಶಿ ಹಾಕಿದರೆ ಮಾತ್ರ ಬುಡ ಕೊಳೆತೀತು. ಒಂದು ಗೇಣು ಬಿಟ್ಟು ಹಾಸಬೇಕು.

ಈಗ ಆ ಆರು ಮಂದಿಯತ್ತ ಮತ್ತೊಮ್ಮೆ ನೋಡಬಹುದು. ಅವರೆಲ್ಲರೂ ದಾರಿಹೋಕರೆಂಬುದನ್ನು ದೃಷ್ಟಾಂತವು ಮೊದಲೇ ಹೇಳಿಬಿಟ್ಟಿದೆ. ಹೇಳಿದ್ದನ್ನು ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ. ಅವರು ಉಂಡು ಹೋಗತಕ್ಕವರು. ಶುಕ್ಲಲೇಶ್ಯೆಯ ಆರನೆಯವನೂ ಮರಕ್ಕೆ ಏನನ್ನೂ ಕೊಟ್ಟು ಹೋಗುವುದಿಲ್ಲ. ಮಣ್ಣಿನ ನ್ಯಾಯವನ್ನು ಕೇಳಿದರೆ, ಉದುರಿದ ಹಣ್ಣೂ ಬೇರಿನ ಪಾಲೇ ಆಗಿತ್ತು. ಇದರಿಂದ ಅವನ ನಿರ್ಮಲತೆಗೆ ಕುಂದಿಲ್ಲ, ಏಕೆಂದರೆ ಚಿತ್ರವು ಅಳೆಯುತ್ತಿರುವುದು ಮನಸ್ಸಿನ ತೃಷ್ಣೆಯನ್ನು. ಆದರೆ ಆ ನಿರ್ಮಲತೆಯು ನಡೆದುಹೋಗುವವನ ನಿರ್ಮಲತೆ. ಜೈನಯತಿಯ ಧರ್ಮವೂ ಸಂಚಾರದ ಧರ್ಮವೇ. ವರ್ಷದಲ್ಲಿ ನಾಲ್ಕು ತಿಂಗಳು ಮಾತ್ರ ಅವನು ಒಂದೆಡೆ ನಿಲ್ಲುವನು, ಅದೂ ಮಳೆಗೆ ಮೊಳೆತ ಹಸುರನ್ನೂ ಹುಳುಹುಪ್ಪಟೆಗಳನ್ನೂ ತುಳಿಯಬಾರದೆಂಬ ಕಾರಣದಿಂದ. ತೋಟಿಗನು ಹನ್ನೆರಡು ತಿಂಗಳೂ ನಿಂತವನು. ಒಂದೇ ಮರವನ್ನು ವರುಷವರುಷವೂ ಎದುರಿಸಬೇಕಾದವನಿಗೆ ಮುಟ್ಟದಿರುವುದೇ ಅಹಿಂಸೆಯಾಗುವುದೆ?

ಆಗದೆಂಬುದಕ್ಕೆ ಜಪಾನಿನ ಮಸನೊಬು ಫುಕುವೋಕರ ಜೀವನದಲ್ಲಿಯೇ ಸಾಕ್ಷಿಯಿದೆ. ಪೂರ್ಣಚಂದ್ರ ತೇಜಸ್ವಿಯವರು 'ಸಹಜ ಕೃಷಿ'ಯ ಮೂಲಕ ಕನ್ನಡಿಗರಿಗೆ ಪರಿಚಯಿಸಿದ ಈ ಮಹನೀಯರು, ಏನನ್ನೂ ಮಾಡದಿರುವ ಕೃಷಿಯನ್ನು ಸಾಧಿಸಲೆಂದು, ತಂದೆ ಸವರಿ ಬೆಳೆಸಿದ್ದ ಕಿತ್ತಳೆಯ ತೋಟಕ್ಕೆ ಕತ್ತಿಯನ್ನೇ ತಾಗಿಸದೆ ಬಿಟ್ಟರು. ಕೊಂಬೆಗಳು ಒಂದರೊಳಗೊಂದು ಹೆಣೆದುಕೊಂಡವು, ಕೀಟಗಳು ಮುತ್ತಿದವು, ನೂರಾರು ಮರಗಳು ಒಣಗಿದವು. ಸಹಜವಾಗಿರಲು ಬಿಡುವುದು ಬೇರೆ, ಕೈಬಿಡುವುದು ಬೇರೆ ಎಂಬುದನ್ನು ಅವರು ಆ ಮರಗಳಿಂದ ಕಲಿತರು. ಹುಟ್ಟಿನಿಂದ ಕತ್ತಿ ಕಾಣದ ಮರಕ್ಕೆ ತನ್ನದೇ ಆದ ಆಕಾರವಿರುತ್ತದೆ, ಅದಕ್ಕೆ ನಮ್ಮ ನೆರವು ಬೇಡ. ಒಮ್ಮೆ ಸವರಿಸಿಕೊಂಡ ಮರದಲ್ಲಿಯಾದರೋ ಆ ಆಕಾರವು ಕೆಟ್ಟಿರುತ್ತದೆ, ಕೆಡಿಸಿದ ಕೈಯೇ ಅದನ್ನು ಮುಂದಕ್ಕೂ ಕಾಯಬೇಕಾಗುತ್ತದೆ. ಮೊದಲ ಏಟಿನೊಡನೆ ಒಂದು ಋಣ ಹುಟ್ಟಿತು. ಕತ್ತಿಯನ್ನು ಕೆಳಗಿಟ್ಟುಬಿಟ್ಟರೆ ಅದು ತೀರುವುದಿಲ್ಲ. ವೈರಾಗ್ಯವನ್ನು ಅವಸರದಲ್ಲಿ ಹೊದೆಯುವ ಗೃಹಸ್ಥರು ಈ ಕಿತ್ತಳೆಯ ಮರಗಳ ಕಥೆಯನ್ನು ಒಮ್ಮೆ ಓದಿಕೊಳ್ಳುವುದು ಒಳ್ಳೆಯದು.

ಜೈನಾಚಾರ್ಯರು ಗೃಹಸ್ಥನ ಈ ಇಕ್ಕಟ್ಟನ್ನು ಅರಿಯದವರಲ್ಲ. ಜಗತ್ತಿಗೆ ಕೃಷಿಯನ್ನು ಕಲಿಸಿದವನು ಆದಿತೀರ್ಥಂಕರನಾದ ವೃಷಭನೇ ಎಂಬುದು ಅವರ ಪುರಾಣ. ಹಿಂಸೆಯಲ್ಲಿ ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕು ಬಗೆಗಳನ್ನು ಎಣಿಸಿ, ಗೃಹಸ್ಥನು ಪೂರ್ತಿಯಾಗಿ ಬಿಡಬೇಕಾದದ್ದು ಬೇಕೆಂದೇ ಮಾಡುವ ಮೊದಲನೆಯದನ್ನು, ಉಳಿದವುಗಳಲ್ಲಿ ಎಚ್ಚರದಿಂದಿರತಕ್ಕದ್ದು ಎಂದರು. ಈ ವಿಭಾಗದ ಪ್ರಾಮಾಣಿಕತೆ ನನಗೆ ಮೆಚ್ಚಿಕೆ. ಉದ್ಯೋಗದ ಹಿಂಸೆಯನ್ನು ಹಿಂಸೆಯಲ್ಲವೆಂದು ಅದು ಎಲ್ಲಿಯೂ ಹೇಳುವುದಿಲ್ಲ. ಅಮೆರಿಕದ ಅರಣ್ಯಸಂಶೋಧಕ ಅಲೆಕ್ಸ್ ಶೈಗೊ ಮರಗಳನ್ನು ಸೀಳಿ ನೋಡಿ ಕಂಡುಕೊಂಡದ್ದೂ ಇಲ್ಲಿಗೆ ಒಪ್ಪುವ ಮಾತೇ. ಮರದ ಗಾಯವು ನಮ್ಮ ಮೈಯ ಗಾಯದಂತೆ ಮಾಯುವುದಿಲ್ಲ; ಮರವು ಅದರ ಸುತ್ತ ಒಳಗೋಡೆಗಳನ್ನು ಕಟ್ಟಿ ಕೊಳೆಯನ್ನು ಅಲ್ಲಿಯೇ ತಡೆದು, ಹೊಸ ಪದರವನ್ನು ಅದರ ಮೇಲೆ ಬೆಳೆಸಿಕೊಂಡು ಹೋಗುವುದು. ಹೊರಗಿನಿಂದ ಗುರುತೇ ಸಿಕ್ಕದಿದ್ದರೂ ನಮ್ಮ ಪ್ರತಿಯೊಂದು ಏಟೂ ಅದರೊಳಗೆ ಕಡೆಯವರೆಗೆ ಉಳಿದಿರುತ್ತದೆ. ಕೊಂಬೆ ಕಾಂಡಕ್ಕೆ ಸೇರುವಲ್ಲಿ ಉಬ್ಬಿರುವ ಕೊರಳಪಟ್ಟಿಯನ್ನು ಗಾಯಗೊಳಿಸದೆ, ಮೋಟನ್ನೂ ಉಳಿಸದೆ, ಹರಿತವಾದ ಕತ್ತಿಯಿಂದ ತೆಗೆದರೆ ಆ ಗೋಡೆ ಕಟ್ಟುವ ಕೆಲಸ ಮರಕ್ಕೆ ಸುಲಭವಾಗುವುದು. ಎಚ್ಚರವೆಂದರೆ ತೋಟದಲ್ಲಿ ಇಷ್ಟೇ.

ಇನ್ನು ಸೊಪ್ಪನ್ನು ಬುಡಕ್ಕೆ ಹಾಸುವುದು. ಇದನ್ನು ಯಜ್ಞವೆಂದೂ ತ್ಯಾಗವೆಂದೂ ಕೊಂಡಾಡುವ ಉತ್ಸಾಹ ಈಗೀಗ ಹೆಚ್ಚು. ಬರುವ ವರ್ಷ ಹಣ್ಣಾಗಿ ತನ್ನ ಮನೆಗೇ ಬರುವ ಸೊಪ್ಪು ತ್ಯಾಗವಲ್ಲ, ಬಡ್ಡಿಗೆ ಹಾಕಿದ ಹಣ ಎಂದು ಇದನ್ನು ಆಕ್ಷೇಪಿಸುವವರಿಗೆ ಮೀಮಾಂಸಕರೇ ಉತ್ತರ ಹೇಳಿಯಾರು: ಸ್ವರ್ಗವನ್ನು ಬಯಸಿ ಯಾಗಮಾಡುವವನೂ ಆಹುತಿಯ ದ್ರವ್ಯವನ್ನು ನನ್ನದಲ್ಲವೆಂದು ನಿಜವಾಗಿಯೇ ಬಿಟ್ಟುಕೊಡುವನು, ಫಲಾಪೇಕ್ಷೆಯಿಂದ ತ್ಯಾಗ ಸುಳ್ಳಾಗುವುದಿಲ್ಲ. ನನ್ನ ತೊಡಕು ಬೇರೆ. ತನ್ನದಾಗಿದ್ದುದನ್ನು ಬಿಡುವುದು ತ್ಯಾಗ. ಕೊಂಬೆ ತೋಟಿಗನದಾಗಿದ್ದುದು ಯಾವಾಗ? ಬಿಸಿಲನ್ನು ಕುಡಿದು ಆ ಎಲೆಗಳನ್ನು ಕಟ್ಟಿದ್ದು ಮರ. ಅದನ್ನು ಮರದ ಬುಡಕ್ಕೆ ಹಾಕಿದವನು ದಾನಿಯೂ ಅಲ್ಲ, ಯಜಮಾನನೂ ಅಲ್ಲ. ಕೈಗೆ ಬಂದ ಪರರ ಸೊತ್ತನ್ನು ಒಡೆಯನಿಗೆ ಒಪ್ಪಿಸಿದವನು, ಅಷ್ಟೆ. ಪೂರ್ತಿಯಾಗಿಯಾದರೂ ಒಪ್ಪಿಸಿದನೆ ಎಂದರೆ, ಆ ಎಲೆಗಳು ಇನ್ನಷ್ಟು ದಿನ ಮರದ ಮೇಲಿದ್ದು ಮಾಡಬಹುದಾಗಿದ್ದ ಕೆಲಸ ಹೋದದ್ದು ಹೋಯಿತು. ಆದುದರಿಂದ ಇದನ್ನು ಪ್ರಾಯಶ್ಚಿತ್ತವೆನ್ನಲೂ ನನಗೆ ಮನಸ್ಸು ಬಾರದು.

ಒಡೆಯನಿಗೇ ಒಪ್ಪಿಸುವುದೆಂಬ ಈ ಮಾತನ್ನು ಉತ್ತರ ಕನ್ನಡದ ಘಟ್ಟದ ಮೇಲಿನ ಅಡಿಕೆ ತೋಟಗಳ ಮುಂದಿಟ್ಟು ನೋಡಿದರೆ ಅದರ ತೂಕ ತಿಳಿಯುವುದು. ಅಲ್ಲಿ ಒಂದು ಎಕರೆ ತೋಟಕ್ಕೆ 9 ಎಕರೆಯವರೆಗೆ ಸೊಪ್ಪಿನ ಬೆಟ್ಟವನ್ನು ಬಿಟ್ಟುಕೊಟ್ಟ ವ್ಯವಸ್ಥೆ ಬ್ರಿಟಿಷರ ಕಾಲದ್ದು. ಬೆಟ್ಟದ ಮತ್ತಿ, ನಂದಿ, ಹೊನ್ನೆಗಳ ಕೊಂಬೆ ಸವರಿ, ಹೊರೆ ಕಟ್ಟಿ ಇಳಿಸಿ, ಕೊಟ್ಟಿಗೆಗೂ ಅಡಿಕೆಯ ಬುಡಕ್ಕೂ ಹಾಕುತ್ತ ತಲೆಮಾರುಗಳ ಕಾಲ ಆ ತೋಟಗಳನ್ನು ಸಾಕಿದ್ದಾರೆ. ರಾಸಾಯನಿಕ ಗೊಬ್ಬರದ ಹಂಗಿಲ್ಲದೆ ನೂರಾರು ವರ್ಷ ನಿಂತ ಆ ತೋಟಗಳ ಮುಂದೆ ಯಾರಾದರೂ ತಲೆಬಾಗಬೇಕು. ಆದರೂ ಅಲ್ಲಿ ಸವರಿಸಿಕೊಂಡ ಮರವೊಂದು, ಉಂಡ ಮರವೊಂದು. ಈಚೆಗೆ ಕೆಲವರು ಬೆಟ್ಟಕ್ಕೆ ಹೋಗುವುದನ್ನು ಬಿಟ್ಟು ತೋಟದ ಅಂಚಿನಲ್ಲಿಯೇ ಗ್ಲಿರಿಸಿಡಿಯಾ ನೆಟ್ಟು ಸವರುತ್ತಾರೆ. ಆ ಗಿಡವನ್ನು ನೆಟ್ಟದ್ದೇ ಸವರುವುದಕ್ಕೆಂದು, ಅದೂ ಇನ್ನೊಂದರ ಹೊಟ್ಟೆಗೆಂದು. ಆದರೂ ಅದರ ಬೇರು ಅಡಿಕೆಯ ಬೇರಿನೊಡನೆ ಒಂದೇ ಮಣ್ಣಿನಲ್ಲಿರುವುದರಿಂದ, ಹಾಸಿದ ಸೊಪ್ಪಿನ ಒಂದಂಶವಾದರೂ ಅದಕ್ಕೆ ಮರಳುವುದು. ಬೆಟ್ಟದ ಮತ್ತಿಗೆ ಆ ಭಾಗವೂ ಇಲ್ಲ. ಅದರ ಬುಡಕ್ಕೆ ದಕ್ಕುವುದು ಕತ್ತಿಗೆ ಎಟಕದೆ ಉಳಿದ ತುದಿಯ ಎಲೆಗಳು ಮಾತ್ರ. ಅವನ್ನೂ ಬೇಸಿಗೆಯಲ್ಲಿ ದರಕೆಂದು, ಎಂದರೆ ತರಗೆಲೆಯೆಂದು, ಗುಡಿಸಿ ಕೊಟ್ಟಿಗೆಗೆ ಒಯ್ಯುವುದುಂಟು.