ಉಯಿಲು: ಸತ್ತವನ ಒಡೆತನವೋ, ಇರುವವರ ಕರ್ತವ್ಯವೋ

ತನ್ನ ಮರಣದ ನಂತರ ಆಸ್ತಿ ಯಾರಿಗೆ, ಯಾವ ರೀತಿಯಲ್ಲಿ ಸಲ್ಲಬೇಕೆಂದು ವ್ಯಕ್ತಿಯೊಬ್ಬ ಬದುಕಿರುವಾಗಲೇ ಬರೆದಿಡುವ ಪತ್ರಕ್ಕೆ ಉಯಿಲು ಎನ್ನುತ್ತಾರೆ. ಬರೆದವನು ಜೀವಂತನಾಗಿರುವವರೆಗೆ ಅದಕ್ಕೆ ಯಾವ ಬಲವೂ ಇಲ್ಲ. ಅವನು ಅದನ್ನು ತಿದ್ದಬಹುದು, ರದ್ದುಪಡಿಸಬಹುದು, ಹರಿದೂ ಹಾಕಬಹುದು. ಅದಕ್ಕೆ ಬಲ ಬರುವುದು ಅವನ ಉಸಿರು ನಿಂತ ಮೇಲೆ. ಆದರೆ ಅದೇ ಕ್ಷಣದಲ್ಲಿ ಆಸ್ತಿಯ ಮೇಲೆ ಅವನಿಗಿದ್ದ ಒಡೆತನವೂ ಮುಗಿದಿರುತ್ತದೆ. ಒಡೆಯನಲ್ಲದವನು ಕೊಡುವುದು ಹೇಗೆ, ಇಲ್ಲದವನ ಮಾತು ಇರುವವರನ್ನು ಯಾವ ಬಲದಿಂದ ಕಟ್ಟಿಹಾಕುತ್ತದೆ ಎಂಬ ಪ್ರಶ್ನೆಗಳು ಕಾನೂನಿನವು ಮಾತ್ರವಲ್ಲ, ಧರ್ಮಜಿಜ್ಞಾಸೆಗೂ ಸೇರಿದವು.

ಹಿಂದಿನ ಧರ್ಮಶಾಸ್ತ್ರಗಳಲ್ಲಿ ದಾಯಭಾಗದ, ಅಂದರೆ ವಾರಸು ಆಸ್ತಿಯ ಹಂಚಿಕೆಯ, ಚರ್ಚೆ ವಿಸ್ತಾರವಾಗಿದ್ದರೂ ಉಯಿಲಿನ ಕಲ್ಪನೆ ಕಾಣುವುದಿಲ್ಲ. ಇದು ಮರೆವಿನಿಂದಾದ ಕೊರತೆಯಲ್ಲ. ಶಾಸ್ತ್ರದ ದೃಷ್ಟಿಯಲ್ಲಿ ದಾನವೆಂದರೆ ಕೊಡುವವನು ತನ್ನ ಸ್ವತ್ವವನ್ನು, ಅಂದರೆ ಒಡೆತನವನ್ನು, ಬಿಟ್ಟು ಅದು ಇನ್ನೊಬ್ಬನದಾಗುವಂತೆ ಮಾಡುವ ಕ್ರಿಯೆ. ಅದು ಪೂರ್ಣವಾಗಲು ಪಡೆಯುವವನ ಸ್ವೀಕಾರವೂ ಬೇಕು. ಕೊಡುವ ಕೈ ಮತ್ತು ಪಡೆಯುವ ಕೈ ಒಂದೇ ಕಾಲದಲ್ಲಿ ಇರಬೇಕೆಂಬ ಈ ನಿಲುವಿಗೆ ಮರಣಾನಂತರದ ಕೊಡುಗೆ ಒಗ್ಗದು. ಅದಕ್ಕಿಂತ ಆಳವಾದ ಅಡ್ಡಿಯನ್ನು ಒಡ್ಡಿದವನು ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದ, ಅಂದರೆ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿದ್ದ, ವಿಜ್ಞಾನೇಶ್ವರ. ಯಾಜ್ಞವಲ್ಕ್ಯಸ್ಮೃತಿಗೆ ಅವನು ಬರೆದ ಮಿತಾಕ್ಷರಾ ವ್ಯಾಖ್ಯಾನದ ಪ್ರಕಾರ ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಸ್ವತ್ವ ಒದಗುತ್ತದೆ. ತಂದೆಯ ಸಾವಿಗಾಗಿ ಅದು ಕಾಯುವುದಿಲ್ಲ. ಹೀಗಾದಾಗ ಸಾಯುವವನು ಕೈಬಿಟ್ಟು ಹೋಗುವಂಥದ್ದು ಅವನೊಬ್ಬನದಾಗಿ ಉಳಿದೇ ಇರುವುದಿಲ್ಲ. ಆಪತ್ಕಾಲ, ಕುಟುಂಬದ ಪೋಷಣೆ, ಅನಿವಾರ್ಯ ಧರ್ಮಕಾರ್ಯ ಎಂಬ ಕಾರಣಗಳಿಗೆ ಮಾತ್ರ ಒಬ್ಬನೇ ಸ್ಥಿರಾಸ್ತಿಯನ್ನು ವಿನಿಯೋಗಿಸಬಹುದೆಂದು ಅವನು ಒಪ್ಪುತ್ತಾನೆ. ಸ್ವತ್ವವೆಂಬುದು ಶಾಸ್ತ್ರದಿಂದ ಮಾತ್ರ ತಿಳಿಯುವಂಥದ್ದಲ್ಲ, ಲೋಕವ್ಯವಹಾರದಲ್ಲಿ ಸಿದ್ಧವಾದದ್ದು ಎಂದೂ ಅವನು ವಾದಿಸಿದ್ದಾನೆ. ಈ ಮಾತಿನ ಮಹತ್ವ ಇನ್ನೂ ಸಾಕಷ್ಟು ಗುರುತಾಗಿಲ್ಲ: ಒಡೆತನ ಲೌಕಿಕವಾದರೆ, ಲೋಕವನ್ನು ಬಿಟ್ಟವನು ಅದನ್ನು ಜೊತೆಗೆ ಒಯ್ಯಲಾರ.

ಬಂಗಾಳದಲ್ಲಿ ನಡೆದುಬಂದ ಜೀಮೂತವಾಹನನ ದಾಯಭಾಗ ಪದ್ಧತಿಯಲ್ಲಿ ತಂದೆಯ ಮರಣದ ನಂತರವೇ ಮಕ್ಕಳಿಗೆ ಸ್ವತ್ವ ಹುಟ್ಟುವುದರಿಂದ, ಬ್ರಿಟಿಷರ ಕಾಲದಲ್ಲಿ ಹಿಂದೂಗಳ ಉಯಿಲು ಮೊದಲು ಬೇರುಬಿಟ್ಟದ್ದು ಅಲ್ಲಿ. ಕಲ್ಕತ್ತಾದ ಹೆಸರಾಂತ ವಕೀಲ ಪ್ರಸನ್ನ ಕುಮಾರ ಟಾಗೋರರು ಕ್ರೈಸ್ತಮತಕ್ಕೆ ಸೇರಿದ ತಮ್ಮ ಮಗನನ್ನು ಹೊರಗಿಟ್ಟು, ಆಸ್ತಿ ಮುಂದೆ ಹುಟ್ಟಲಿರುವ ಗಂಡುಸಂತತಿಗೆ ತಲೆಮಾರುಗಳ ಕಾಲ ಸಲ್ಲುತ್ತ ಹೋಗಬೇಕೆಂದು ಉಯಿಲು ಬರೆದರು. 1872ರಲ್ಲಿ ಆಗಿನ ಅತ್ಯುಚ್ಚ ಮೇಲ್ಮನವಿ ಪೀಠವಾದ ಪ್ರಿವಿ ಕೌನ್ಸಿಲ್, ಉಯಿಲನ್ನು ದಾನದ ಜಾಡಿನಲ್ಲೇ ಅರ್ಥೈಸಬೇಕೆಂದೂ, ಬರೆದವನು ಸಾಯುವಾಗ ಅಸ್ತಿತ್ವದಲ್ಲಿಲ್ಲದ ವ್ಯಕ್ತಿಗೆ ಕೊಡುಗೆ ಸಲ್ಲದೆಂದೂ ತೀರ್ಮಾನಿಸಿತು. ಹಾಗಾಗಿ ಒಬ್ಬರ ಜೀವಿತಾವಧಿಯ ಅನುಭೋಗ ಮುಗಿದ ಮೇಲೆ ಆಸ್ತಿ ಸೇರಬೇಕಾದದ್ದು ತಂದೆ ಬೇಡವೆಂದ ಆ ಮಗನಿಗೇ. ಹುಟ್ಟದವರಿಗೂ ಮಿತಿಗೊಳಪಟ್ಟು ಕೊಡಬಹುದೆಂದು 1916ರ ಕಾಯಿದೆ ಆಮೇಲೆ ಬಾಗಿಲು ತೆರೆದರೂ, 1872ರ ತೀರ್ಪಿನ ಹಿಂದಿದ್ದ ತಾತ್ವಿಕ ಎಚ್ಚರ ಹಳೆಯದಾಗಿಲ್ಲ. ಸತ್ತವನ ಇಚ್ಛೆ ಕೊನೆಯಿಲ್ಲದೆ ಆಳುತ್ತ ಹೋದರೆ ಮುಂದಿನವರ ಪಾಲಿಗೆ ಇಚ್ಛೆಯೇ ಉಳಿಯದು.

ಇದೇ ತರ್ಕ ದೇವರ ಮುಂದೆ ಬಂದಾಗ ವಿಚಾರ ಇನ್ನಷ್ಟು ಸೂಕ್ಷ್ಮವಾಯಿತು. ತನ್ನ ಮರಣದ ನಂತರ ವಿಗ್ರಹವನ್ನು ಪ್ರತಿಷ್ಠಾಪಿಸಿ ಅದರ ಸೇವೆಗೆ ಆಸ್ತಿಯನ್ನು ಬಳಸಬೇಕೆಂದು ಒಬ್ಬನು ಬರೆದಿಟ್ಟರೆ, ಅವನು ಸಾಯುವಾಗ ಆ ದೇವತೆ ಇನ್ನೂ ಪ್ರತಿಷ್ಠೆಗೊಂಡಿರುವುದಿಲ್ಲ. ಹುಟ್ಟದ ವ್ಯಕ್ತಿಗೆ ಅನ್ವಯಿಸಿದ ನಿಯಮ ಇಲ್ಲಿಯೂ ಅನ್ವಯಿಸಬೇಕೇ? ಭೂಪತಿನಾಥ ಸ್ಮೃತಿತೀರ್ಥರ ಪ್ರಕರಣದಲ್ಲಿ ಕಲ್ಕತ್ತಾ ಹೈಕೋರ್ಟಿನ ಪೂರ್ಣಪೀಠ ಬೇಡವೆಂದಿತು. ಕಾನೂನು ದೇವತೆಯನ್ನು ಆಸ್ತಿ ಹೊಂದಬಲ್ಲ ವ್ಯಕ್ತಿಯೆಂದು ಗಣಿಸುವುದು ನಿಜ, ಆದರೆ ಭಕ್ತನ ಸಂಕಲ್ಪಕ್ಕೆ ಗುರಿಯಾದ ಧರ್ಮಕಾರ್ಯ ಕಲ್ಲಿನ ಮೂರ್ತಿ ಸಿದ್ಧವಾಗುವವರೆಗೆ ಕಾಯಬೇಕಿಲ್ಲ. ಇಂಥ ಆಸ್ತಿ ಅರ್ಚಕನದೂ ಅಲ್ಲ, ಧರ್ಮದರ್ಶಿಯದೂ ಅಲ್ಲ. ಅವರು ಅದನ್ನು ಕಾಯುವವರು. ಒಬ್ಬರ ಹೆಸರಿನಲ್ಲಿದ್ದು ಇನ್ನೊಬ್ಬರ ಹಿತಕ್ಕಾಗಿ ಬಳಕೆಯಾಗಬೇಕಾದ ಆಸ್ತಿಯ ವ್ಯವಸ್ಥೆಗೆ ಟ್ರಸ್ಟ್ ಅಥವಾ ನ್ಯಾಸ ಎನ್ನುತ್ತಾರೆ.

ಇಸ್ಲಾಮಿನ ನ್ಯಾಯಶಾಸ್ತ್ರ ಸತ್ತವನ ಇಚ್ಛೆಗೆ ನೇರವಾದ ಅಳತೆಯನ್ನೇ ಇಟ್ಟಿದೆ. ಭಾರತದಲ್ಲಿ ಹೆಚ್ಚಾಗಿ ಅನುಸರಿಸುವ ಹನಫಿ ಪದ್ಧತಿಯಲ್ಲಿ ಅಂತ್ಯಕ್ರಿಯೆಯ ವೆಚ್ಚ ಮತ್ತು ಸಾಲಗಳು ತೀರಿ ಉಳಿದ ಆಸ್ತಿಯ ಮೂರನೇ ಒಂದು ಭಾಗವನ್ನಷ್ಟೇ ವಸೀಯತ್ತಿನ, ಅಂದರೆ ಉಯಿಲಿನ, ಮೂಲಕ ಹಂಚಬಹುದು. ಉಳಿದ ವಾರಸುದಾರರ ಒಪ್ಪಿಗೆ ಇಲ್ಲದೆ ವಾರಸುದಾರನಿಗೇ ವಸೀಯತ್ತು ಮಾಡುವಂತಿಲ್ಲ. ಜನ್ಮಸ್ವತ್ವದ ಮಾತನ್ನು ಆಡದೆಯೇ ಈ ಪದ್ಧತಿ ಮಿತಾಕ್ಷರಾದ ಕಾಳಜಿಗೆ ಹತ್ತಿರ ಬರುತ್ತದೆ. ಇದಕ್ಕೆ ಹೋಲಿಸಿದರೆ 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 30ನೆಯ ಕಲಮು ಅವಿಭಕ್ತ ಆಸ್ತಿಯಲ್ಲಿನ ತನ್ನ ಪಾಲನ್ನೂ ಉಯಿಲಿನ ಮೂಲಕ ಕೊಡಬಹುದೆಂದು ಹೇಳಿ, ವ್ಯಕ್ತಿಯ ಇಚ್ಛೆಗೆ ಹಿಂದೆಂದೂ ಇಲ್ಲದಷ್ಟು ಸ್ವಾತಂತ್ರ್ಯ ಕೊಟ್ಟಿದೆ. ಈ ಸ್ವಾತಂತ್ರ್ಯ ಹೆಣ್ಣುಮಕ್ಕಳನ್ನು ಹೊರಗಿಡಲೂ ಬಳಕೆಯಾಗುತ್ತಿರುವುದು ದುಃಖದ ಸಂಗತಿ.

ಹಾಗಾದರೆ ಉಯಿಲಿನ ಬಲ ಎಲ್ಲಿಂದ ಬರುತ್ತದೆ? ಅದು ಸತ್ತವನ ಒಡೆತನದ ಮುಂದುವರಿಕೆಯಲ್ಲ, ಬದುಕಿರುವವರು ಹೊತ್ತುಕೊಳ್ಳುವ ಕರ್ತವ್ಯ ಎಂಬ ಉತ್ತರವನ್ನು 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯ ರಚನೆಯೇ ಸೂಚಿಸುತ್ತದೆ. ಉಯಿಲನ್ನು ನೆರವೇರಿಸಲು ಅದರಲ್ಲೇ ನೇಮಕಗೊಂಡವನು ಎಕ್ಸಿಕ್ಯೂಟರ್. ಉಯಿಲು ಸಾಚಾ ಎಂದು ಪರೀಕ್ಷಿಸಿ ನ್ಯಾಯಾಲಯ ತನ್ನ ಮೊಹರಿನೊಡನೆ ಅವನಿಗೆ ಕೊಡುವ ದೃಢೀಕೃತ ಪ್ರತಿ ಪ್ರೊಬೇಟ್. ಮೃತನ ಆಸ್ತಿ ಈ ಎಕ್ಸಿಕ್ಯೂಟರನಲ್ಲಿ ನಿಹಿತವಾಗುತ್ತದೆ, ಆದರೆ ಅನುಭವಿಸುವುದಕ್ಕಲ್ಲ. ಅಂತ್ಯಕ್ರಿಯೆಯ ಹಾಗೂ ಕೊನೆಯ ಕಾಯಿಲೆಯ ವೆಚ್ಚ, ಪ್ರೊಬೇಟಿನ ಖರ್ಚು, ಆಮೇಲೆ ಮರಣಕ್ಕೆ ಹಿಂದಿನ ಮೂರು ತಿಂಗಳಲ್ಲಿ ದುಡಿದ ಕೂಲಿಯವನ, ಕುಶಲಕರ್ಮಿಯ, ಮನೆಗೆಲಸದವರ ಬಾಕಿ ಸಂಬಳ, ಅನಂತರ ಉಳಿದ ಸಾಲಗಳು, ಇವೆಲ್ಲ ತೀರಿದ ಮೇಲಷ್ಟೇ ಉಯಿಲಿನ ಕೊಡುಗೆಗಳ ಸರದಿ. ಪಾತ್ರೆ ತೊಳೆದವಳ ಸಂಬಳ ಮುದ್ದಿನ ಮಗನ ಪಾಲಿಗಿಂತ ಮುಂದೆ ನಿಲ್ಲುತ್ತದೆ. ಋಣವುಳಿಸಿ ಸತ್ತವನಿಗೆ ಸದ್ಗತಿಯಿಲ್ಲವೆಂದ ಸ್ಮೃತಿಕಾರರೂ, ಸಾಲವನ್ನು ಪಾಲಿಗಿಂತ ಮುಂದಿಟ್ಟ ಕುರಾನೂ ಈ ವಿಷಯದಲ್ಲಿ ಒಂದೇ ದಾರಿಯಲ್ಲಿದ್ದಾರೆ.

ಮೈಸೂರು ಸೀಮೆಯಿಂದ ಸುಪ್ರೀಂ ಕೋರ್ಟಿಗೆ ಹೋದ, 1959ರ ವರದಿಗಳಲ್ಲಿ ಪ್ರಕಟವಾದ ವೆಂಕಟಾಚಲ ಅಯ್ಯಂಗಾರ್ ಮತ್ತು ತಿಮ್ಮಜಮ್ಮ ಪ್ರಕರಣ ಈ ಕರ್ತವ್ಯದ ಗಾಂಭೀರ್ಯವನ್ನು ಸ್ಪಷ್ಟಪಡಿಸಿತು. ಬರೆದವಳು ಲೋಕದಲ್ಲಿಲ್ಲ, ಇದು ತನ್ನದು ಹೌದೋ ಅಲ್ಲವೋ ಎಂದು ಆಕೆ ಬಂದು ಹೇಳಲಾರಳು. ಆದ್ದರಿಂದ ಉಯಿಲನ್ನು ಮುಂದಿಟ್ಟವನೇ ಅದನ್ನು ಬರೆಸುವಲ್ಲಿ ಮುಂದಾಗಿದ್ದು ಅದರಿಂದ ಗಣನೀಯ ಲಾಭ ದೊರೆಯುವಂತಿದ್ದರೆ ಅದು ಸಂಶಯದ ಸಂದರ್ಭವೆನಿಸುತ್ತದೆ, ಆ ಸಂಶಯ ನೀಗಿ ನ್ಯಾಯಾಲಯದ ಆತ್ಮಸಾಕ್ಷಿಗೆ ಸಮಾಧಾನವಾಗಬೇಕು ಎಂದು ಪೀಠ ಹೇಳಿತು. ಇಬ್ಬರು ಸಾಕ್ಷಿಗಳ ರುಜು ಕಾನೂನಿಗೆ ಬೇಕೇ ಬೇಕು, ಆದರೆ ಸಂಶಯವಿದ್ದಲ್ಲಿ ಅದಷ್ಟೇ ಸಾಲದು. ಆ ಮೊಕದ್ದಮೆಯಲ್ಲಿ ಉಯಿಲು ಸಾಬೀತಾಗಲಿಲ್ಲ.

ಆದ್ದರಿಂದ ಉಯಿಲು ಬರೆಸಲು ವಕೀಲರ ಬಳಿಗೆ ಹೋಗುವ ಹಿರಿಯರು ಆಸ್ತಿಯ ಪಟ್ಟಿಗಿಂತ ಮೊದಲು ಸಾಲ ಮತ್ತು ಬಾಕಿ ಸಂಬಳಗಳ ಪಟ್ಟಿಯನ್ನು ಒಯ್ಯಲಿ. ವಕೀಲರು ಲಾಭ ಪಡೆಯಲಿರುವ ಮಗನನ್ನೋ ಅಳಿಯನನ್ನೋ ಹೊರಗೆ ಕೂರಿಸಿ, ಹಿರಿಯರ ಮಾತನ್ನು ಅವರ ಬಾಯಿಂದಲೇ ಕೇಳಿ ಬರೆದುಕೊಳ್ಳಲಿ.