ಅನ್ಯಾಯದ ಚುನಾವಣೆ ಮತ್ತು ನಮ್ಮ ಸಾಕ್ಷ್ಯ

ಚುನಾವಣೆಯೇ ನ್ಯಾಯಯುತವಲ್ಲ ಎಂದು ಮನವರಿಕೆಯಾದಾಗ ಸತ್ಯವಿಶ್ವಾಸಿಯು ಮತ ಚಲಾಯಿಸಬೇಕೇ? ‘ಹೋದರೆ ಆ ಅನ್ಯಾಯಕ್ಕೆ ನಾವೇ ಮುದ್ರೆ ಒತ್ತಿದಂತಾಗುತ್ತದೆ’ ಎನ್ನುವವರಿದ್ದಾರೆ. ‘ಹೋಗದಿದ್ದರೆ ಅನ್ಯಾಯಗಾರನಿಗೇ ಲಾಭ’ ಎನ್ನುವವರೂ ಇದ್ದಾರೆ. ಎರಡು ಮಾತಿನಲ್ಲೂ ತಥ್ಯವಿದೆ.

ಮುಫ್ತಿ ಮುಹಮ್ಮದ್ ಶಫೀಯವರು ಮತವನ್ನು ಸಾಕ್ಷ್ಯ, ಶಿಫಾರಸು ಮತ್ತು ವಕಾಲತ್ತು ಎಂದು ವಿವರಿಸಿದ್ದಾರೆ. ಸಾಕ್ಷ್ಯವನ್ನು ಬಚ್ಚಿಡಬಾರದೆಂದು ಪವಿತ್ರ ಕುರ್‌ಆನ್ ಆದೇಶಿಸುತ್ತದೆ. ಸುಳ್ಳು ಸಾಕ್ಷ್ಯವನ್ನು ಪ್ರವಾದಿ(ಸ)ರು ಮಹಾಪಾಪಗಳ ಸಾಲಿನಲ್ಲಿ ಎಣಿಸಿದ್ದಾರೆ. ಆದ್ದರಿಂದ ನಾವು ಕೇಳಬೇಕಾದುದು ಇಷ್ಟೇ: ಇಲ್ಲಿ ಸತ್ಯದ ಪರವಾದ ಸಾಕ್ಷ್ಯ ಯಾವುದು? ಮತ ಹಾಕುವುದೋ, ನಿರಾಕರಿಸುವುದೋ?

ದಕ್ಷಿಣ ಆಫ್ರಿಕಾದಲ್ಲಿ 1984ರ ಆಗಸ್ಟ್‌ನಲ್ಲಿ ಮಿಶ್ರವರ್ಣೀಯರಿಗೂ ಭಾರತೀಯ ಮೂಲದವರಿಗೂ ಪ್ರತ್ಯೇಕ ಸದನಗಳಿಗಾಗಿ ಚುನಾವಣೆ ನಡೆಯಿತು. ಈ ಎರಡು ಸಮುದಾಯಗಳಲ್ಲಿ ಮುಸ್ಲಿಮರೂ ಬಹಳಷ್ಟಿದ್ದರು. ಬಿಳಿಯರ ಸದನಕ್ಕೆ 178 ಸ್ಥಾನಗಳು, ಉಳಿದೆರಡು ಸದನಗಳಿಗೆ ಒಟ್ಟು 130. ಬಹುಸಂಖ್ಯಾತ ಕರಿಯರಿಗೆ ಮತವೇ ಇಲ್ಲ. ಅಲ್ಲಿ ಮತ ಹಾಕುವುದೆಂದರೆ ನೆರೆಯವನ ಹಕ್ಕನ್ನು ಮಾರಿ ತನ್ನ ಪಾಲು ಪಡೆಯುವುದಾಗಿತ್ತು. ಹೆಚ್ಚಿನವರು ಮತಗಟ್ಟೆಯತ್ತ ಸುಳಿಯಲಿಲ್ಲ. ಆದರೆ ಅವರು ಮನೆಯಲ್ಲಿ ಸುಮ್ಮನೆ ಕುಳಿತಿರಲಿಲ್ಲ. 1983ರಲ್ಲಿ ಸ್ಥಾಪನೆಯಾದ ಸಂಯುಕ್ತ ಪ್ರಜಾತಾಂತ್ರಿಕ ರಂಗದ ಕಾರ್ಯಕರ್ತರು ಮನೆಮನೆಗೆ ತೆರಳಿ ಸಹಿ ಸಂಗ್ರಹಿಸಿದರು, ಜನರನ್ನು ಸಂಘಟಿಸಿದರು. ಆ ನಿರಾಕರಣೆ ಬಹಿರಂಗ ಸಾಕ್ಷ್ಯವಾಗಿತ್ತು.

ಇರಾಕ್‌ನ ಅನುಭವ ಬೇರೆ. 2005ರ ಜನವರಿಯ ಚುನಾವಣೆ ವಿದೇಶಿ ಸೇನೆಯ ಆಕ್ರಮಣದ ನೆರಳಿನಲ್ಲಿ ನಡೆಯಿತು. ಫಲ್ಲೂಜದ ಗಾಯ ಹಸಿಯಾಗಿತ್ತು. ಸುನ್ನಿ ಅರಬರ ಹಲವು ಸಂಘಟನೆಗಳು ಬಹಿಷ್ಕಾರಕ್ಕೆ ಕರೆಯಿತ್ತವು, ಮತ ಹಾಕುವವರಿಗೆ ಜೀವಬೆದರಿಕೆಯೂ ಇತ್ತು. ಅನ್ಬಾರ್ ಪ್ರಾಂತ್ಯದಲ್ಲಿ ಮತ ಹಾಕಿದವರು ಶೇ. 2ರಷ್ಟು ಮಾತ್ರ. ಅವರ ದೂರು ಸುಳ್ಳಾಗಿರಲಿಲ್ಲ. ಆದರೆ ಸಂವಿಧಾನ ಬರೆಯುವ ಲೇಖನಿ ಇತರರ ಕೈಸೇರಿತು. ಅಕ್ಟೋಬರ್‌ನ ಜನಮತಗಣನೆಯಲ್ಲಿ ಮೂರು ಪ್ರಾಂತ್ಯಗಳು ಮೂರನೇ ಎರಡರಷ್ಟು ಮತಗಳಿಂದ ತಿರಸ್ಕರಿಸಿದ್ದರೆ ಅದು ಬಿದ್ದುಹೋಗುತ್ತಿತ್ತು. ಎರಡು ಪ್ರಾಂತ್ಯಗಳಲ್ಲಿ ಹಾಗಾಯಿತು, ಮೂರನೆಯದಾದ ನೀನವಾದಲ್ಲಿ ಆಗಲಿಲ್ಲ. ಡಿಸೆಂಬರ್‌ನಲ್ಲಿ ಅದೇ ಜನರು ಭಾರೀ ಸಂಖ್ಯೆಯಲ್ಲಿ ಮತಗಟ್ಟೆಗೆ ಬಂದರು.

ಈ ಎರಡು ಘಟನೆಗಳ ಮುಂದೆ ನಮ್ಮನ್ನು ನಾವು ಪ್ರಶ್ನಿಸಿಕೊಳ್ಳೋಣ. ಮತ ಹಾಕುವುದರಿಂದ ಇತರರ ಹಕ್ಕು ಕಸಿಯುವುದಕ್ಕೆ ನಾವು ಪಾಲುದಾರರಾಗುತ್ತೇವೆಯೇ? ಹಾಗಿದ್ದರೆ ನಿರಾಕರಣೆಗೆ ಆಧಾರವಿದೆ. ಚುನಾವಣೆ ದೋಷಪೂರಿತವಾಗಿದ್ದರೂ ಸ್ವಲ್ಪವಾದರೂ ಕೇಡನ್ನು ತಡೆಯುವ ಅವಕಾಶ ಅದರಲ್ಲಿದೆಯೇ? ಇದ್ದರೆ ಅದನ್ನು ಕೈಬಿಡುವುದು ದೇವಭಕ್ತಿಯಲ್ಲ. ನಮ್ಮ ಗೈರುಹಾಜರಿಯ ಬೆಲೆಯನ್ನು ತೆರುವವರು ಯಾರು? ನಾವೋ, ನಮಗಿಂತ ದುರ್ಬಲರೋ?

ಬೇಸರದಿಂದ ಬಾಗಿಲು ಮುಚ್ಚಿ ಮಲಗಿ ಅದಕ್ಕೆ ‘ಬಹಿಷ್ಕಾರ’ವೆಂದು ಹೆಸರಿಡುವುದು ಸುಲಭ. ಮತ ಹಾಕಿದವನು ಮರುದಿನವೂ ಅನ್ಯಾಯವನ್ನು ಅನ್ಯಾಯವೆನ್ನಬೇಕು. ಹಾಕದವನು ತಾನೇಕೆ ಹಾಕಲಿಲ್ಲವೆಂದು ಬಹಿರಂಗವಾಗಿ ಹೇಳಬೇಕು ಮತ್ತು ಅದಕ್ಕಾಗಿ ದುಡಿಯಬೇಕು. ಫಲಿತಾಂಶ ನಮ್ಮ ಕೈಯಲ್ಲಿಲ್ಲ. ಆದರೆ ನಮ್ಮ ಸಾಕ್ಷ್ಯದ ಬಗ್ಗೆ ನಾವು ಅಲ್ಲಾಹನ ಮುಂದೆ ಉತ್ತರದಾಯಿಗಳು.